ಪರದೆಯ ಬುಡದಲ್ಲಿ ಒಂದು ಗೇಣು

ಫೆಬ್ರವರಿ ೧೨

ಮಗಳಿಗೆ,

ನಾನು ಕಳಿಸಿದ ಹೂಕುಂಡ ನಿನ್ನೆ ಸಂಜೆ ವಾಪಸು ಬಂತು. ಜೊತೆಗೆ ಒಂದು ಚೀಟಿ, ವಾರ್ಡಿನೊಳಗೆ ಮಣ್ಣು, ಗಿಡ, ಹೂವು ತರುವಂತಿಲ್ಲ ಅಂತ. ಮಣ್ಣಿಗೆ ಹೆದರುವ ಆಸ್ಪತ್ರೆಯನ್ನು ಇದೇ ಮೊದಲು ಕಂಡದ್ದು. ಆ ಕಟ್ಟಡ ನಿಂತಿರುವುದು ಯಾವುದರ ಮೇಲಂತೆ, ಮೋಡದ ಮೇಲಾ?

ಮೊನ್ನೆ ಬಾಗಿಲಲ್ಲಿ ನನ್ನನ್ನು ತಡೆದಳಲ್ಲ, ಆ ನೀಲಿ ಅಂಗಿಯ ನರ್ಸು, ಅವಳಿಗೆ ಇಪ್ಪತ್ತೆರಡು ವರ್ಷವೂ ಇರಲಿಕ್ಕಿಲ್ಲ. ‘ಅಜ್ಜೀ, ಕೆಮ್ಮು ಇರುವವರನ್ನು ಒಳಗೆ ಬಿಡುವುದಿಲ್ಲ’ ಅಂದಳು. ನನ್ನ ಕೆಮ್ಮು ನಿನಗಿಂತ ವಯಸ್ಸಿನಲ್ಲಿ ದೊಡ್ಡದು, ಮರ್ಯಾದೆ ಕೊಡು ಅಂದೆ. ನಗಲಿಲ್ಲ. ಮೂವತ್ತೆಂಟು ವರ್ಷ ಹಳೇ ಕಟ್ಟಡ ಒಡೆಸಿ ಹೊಟ್ಟೆ ಹೊರೆದವಳು ನಾನು, ಹದಿನಾರು ಆಳುಗಳನ್ನು ಕಣ್ಸನ್ನೆಯಲ್ಲಿ ನಡೆಸಿದವಳು. ಆನೆ ಕಟ್ಟಬಹುದಾದ ಗೋಡೆಗಳು ನನಗೆ ದಾರಿ ಬಿಟ್ಟಿವೆ. ಒಂದು ಗಾಜಿನ ಬಾಗಿಲು ಬಿಡಲಿಲ್ಲ.

ಫೋನ್ ಮಾಡು ಅನ್ನಬೇಡ. ಫೋನಿನಲ್ಲಿ ನಮ್ಮಿಬ್ಬರ ಮಾತು ಮೂರನೇ ಮಾತಿಗೆ ಜಗಳ, ನಾಲ್ಕನೆಯದಕ್ಕೆ ನೀನು ಕಟ್ ಮಾಡುತ್ತೀ. ಕಾಗದದಲ್ಲಾದರೆ ಪೂರ್ತಿ ಬೈಯಬಹುದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಕಷ್ಟಪಟ್ಟು ಓದು.

ನಿನ್ನ ಮಗಳಿಗೆ, ನನ್ನ ಮೆಣಸಿನಕಾಳಿಗೆ, ನಿನ್ನ ಗಂಡನ ಮೈಯಿಂದ ತೆಗೆದ ಕಣಗಳನ್ನೇ ಹಾಕುತ್ತಾರಂತೆ, ಅದೇ ರಕ್ತ ಹುಟ್ಟಿಸುವ ಕಣಗಳು. ಬಲ್ಬು ಬದಲಿಸಲು ಪಕ್ಕದ ಮನೆಯವನನ್ನು ಕರೆಯುವ ಡ್ರಾಯಿಂಗ್ ಮೇಷ್ಟ್ರು ಈಗ ನನ್ನ ಮೊಮ್ಮಗಳ ಮೂಳೆಯೊಳಗೆ ರಿಪೇರಿಗೆ ಹೊರಟಿದ್ದಾನೆ. ಅರ್ಧ ಹೊಂದಿಕೆ ಆದರೂ ಸಾಕು ಅಂದರಂತೆ ಡಾಕ್ಟರು. ನಿಮ್ಮ ಮದುವೆ ದಿನದಿಂದ ನಾನು ಹೇಳುತ್ತಿರುವುದೂ ಅದನ್ನೇ, ಅರ್ಧ ಹೊಂದಿಕೆ ಅಂತ.

ಮಗು ಊಟ ಮಾಡುತ್ತಾಳಾ? ಅದನ್ನು ಬರೆ. ಉಳಿದ ಪುರಾಣ ಬೇಡ.

ಬಾಗಿಲ ಹೊರಗಿನ ಅಮ್ಮ

*

ಫೆಬ್ರವರಿ ೨೩

ಅಮ್ಮ,

ಊಟ ಮಾಡುತ್ತಿಲ್ಲ. ಬಾಯಿ ತುಂಬ ಹುಣ್ಣು. ಹದಿನಾಲ್ಕಕ್ಕೆ ಅವಳಪ್ಪನ ಕಣಗಳು ಒಳಗೆ ಹೋದವು. ಅಷ್ಟು ದಿನ ಕಾದದ್ದು ಒಂದು ಸಣ್ಣ ಚೀಲಕ್ಕಾ ಅನ್ನಿಸಿತು, ನಲವತ್ತು ನಿಮಿಷದಲ್ಲಿ ಮುಗಿಯಿತು. ಅವು ಬೇರು ಬಿಡಲು ಮೂರು ವಾರ ಬೇಕಂತೆ. ಅಲ್ಲಿಯವರೆಗೆ ಅವಳ ಮೈಯಲ್ಲಿ ಕಾವಲುಗಾರರೇ ಇಲ್ಲ. ಬಿಳಿ ರಕ್ತಕಣ ಸೊನ್ನೆ. ನಿನ್ನ ಕುಂಡದ ಮಣ್ಣು ನಮಗೆ ಮಣ್ಣು, ಅವಳಿಗೆ ಅದರಲ್ಲಿರುವ ಬೂಷ್ಟೇ ಸಾಕಂತೆ. ನರ್ಸು ಸೊಕ್ಕಿನಿಂದ ತಡೆದದ್ದಲ್ಲ.

ಅವಳ ಕೋಣೆಗೆ ಬರುವ ಗಾಳಿಯನ್ನು ಸೋಸಿ ಬಿಡುತ್ತಾರೆ. ಆದರೆ ಹೃದಯದ ಪರೀಕ್ಷೆಗೆ ಎರಡು ಸಲ ಕೆಳಗೆ ಕರೆದುಕೊಂಡು ಹೋಗಬೇಕಾಯಿತು. ನಮ್ಮ ಮಹಡಿಯ ಪಡಸಾಲೆಯಲ್ಲಿ ಹಳೇ ಲಿಫ್ಟಿನ ಗೋಡೆ, ಸೀಲಿಂಗು ಒಡೆಯುತ್ತಿದ್ದಾರೆ. ಪ್ಲಾಸ್ಟಿಕ್ ಪರದೆ ಕಟ್ಟಿದ್ದಾರೆ. ಬೇರೆ ದಾರಿ ಇಲ್ಲ, ಅದರ ಪಕ್ಕದಲ್ಲೇ ಅವಳ ಟ್ರಾಲಿ ಹೋಗಬೇಕು. ಬಾಯಿಹುಣ್ಣು ಉರಿಯುತ್ತದೆ ಅಂತ ಅವಳು ಮಾಸ್ಕು ಕೆಳಗೆ ಎಳೆದುಕೊಂಡಳು. ನಾನು ಮತ್ತೆ ಮೇಲೆ ಎಳೆದೆ.

ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಯಾರು ಗೊತ್ತಾ? ನಿನ್ನ ಹಳೇ ಆಳು, ಕಡ್ಡಿ. ನನ್ನನ್ನು ಗುರುತು ಹಿಡಿದು ‘ಅಕ್ಕ ಹೇಗಿದ್ದಾರೆ’ ಅಂದ.

ಅವಳಪ್ಪನನ್ನು ಬೈಯುವುದು ಸಾಕು ಮಾಡು. ಸೂಜಿ ಕಂಡರೆ ತಲೆ ತಿರುಗುವ ಮನುಷ್ಯ ಐದು ಗಂಟೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ.

ನಿನ್ನ ಮಗಳು

*

ಮಾರ್ಚ್ ೧

ಮಗಳಿಗೆ,

ಐದು ಗಂಟೆ ಮಲಗಿದ್ದು ಸಾಹಸ ಅಂತ ಇವತ್ತು ಗೊತ್ತಾಯಿತು. ಹಾಗಾದರೆ ದಿನವಿಡೀ ಮಲಗಿರುವ ನನ್ನ ಪಕ್ಕದ ಮನೆಯವನು ಮಹಾವೀರ.

ಕಡ್ಡಿ ಇದ್ದಾನೆ ಅಂದರೆ ನೀನು ನೆಮ್ಮದಿಯಾಗಿರು. ನನ್ನ ಬಳಿ ಬಂದಾಗ ಬೀಸಿದರೆ ಹಾರಿಹೋಗುವ ಹಾಗಿದ್ದ, ಈಗ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಆದರೂ ಕೈ ನಾನು ತಿದ್ದಿದ ಕೈ. ಈಗಿನ ಕಂಟ್ರಾಕ್ಟರುಗಳು ಇದ್ದಾರಲ್ಲ, ಸುತ್ತಿಗೆಯನ್ನು ಮೈಕಿನ ಹಾಗೆ ಹಿಡಿದು ಫೋಟೋ ತೆಗೆಸಿಕೊಳ್ಳುವವರು, ಅವರ ಪೈಕಿ ಅಲ್ಲ ಅವನು.

ಇಲ್ಲಿ ಎಲ್ಲರೂ ವೈದ್ಯರಾಗಿದ್ದಾರೆ. ಎದುರುಮನೆಯವಳು ಜೇನು ತಿನ್ನಿಸಿ ಅನ್ನುತ್ತಾಳೆ. ಹಾಲಿನವನು ಬೆಟ್ಟದ ಗಾಳಿ ಕುಡಿಸಿ ಅನ್ನುತ್ತಾನೆ. ಹಾಲಿಗೆ ನೀರು ಕುಡಿಸುವವನು ಮಗುವಿಗೆ ಗಾಳಿ ಕುಡಿಸಲು ಬಂದ.

ಜ್ವರ ಅಂತ ನಿನ್ನ ಗಂಡ ಫೋನಿನಲ್ಲಿ ತೊದಲಿದ. ಎಷ್ಟು, ಎಂದಿನಿಂದ ಅಂದರೆ ‘ಸ್ವಲ್ಪ’ ಅಂದ. ಸ್ವಲ್ಪ ಅನ್ನುವುದು ಲೆಕ್ಕವಾ? ನೀನು ಬರೆ.

ಅಮ್ಮ

*

ಮಾರ್ಚ್ ೬

ಅಮ್ಮ,

ಜ್ವರ ಏಳು ದಿನದಿಂದ ಇಳಿದಿಲ್ಲ. ಎರಡು ಔಷಧಿ ಬದಲಾಯಿಸಿದರು. ನಿನ್ನೆ ಎದೆಯ ಸ್ಕ್ಯಾನ್ ಮಾಡಿದರು. ಬಲಗಡೆ ಶ್ವಾಸಕೋಶದಲ್ಲಿ ಒಂದು ಮಚ್ಚೆ, ಸುತ್ತ ಮಂಜು ಕವಿದ ಹಾಗೆ. ಬೂಷ್ಟು ಹಿಡಿದಿದೆ ಅಮ್ಮ. ಒದ್ದೆ ಗೋಡೆಗೆ ಹಿಡಿಯುತ್ತದಲ್ಲ, ಅದೇ ಜಾತಿಯದು. ನೀನು, ನಾನು ದಿನಾ ಉಸಿರಲ್ಲಿ ಎಳೆದುಕೊಳ್ಳುತ್ತೇವೆ, ನಮಗೆ ಏನೂ ಆಗುವುದಿಲ್ಲ. ಅವಳಲ್ಲಿ ಅದು ರಕ್ತನಾಳಕ್ಕೇ ಬಾಯಿ ಹಾಕುತ್ತದಂತೆ. ಇಂಥ ಮಕ್ಕಳಲ್ಲಿ ಎಷ್ಟು ಜನ ಉಳಿಯುತ್ತಾರೆ ಅಂತ ಕೇಳಿದೆ. ಗಡ್ಡದ ಡಾಕ್ಟರು ಸಂಖ್ಯೆ ಹೇಳಲಿಲ್ಲ. ‘ಬೇಗ ಹಿಡಿದಿದ್ದೇವೆ’ ಅಂದರು.

ಹೊಸ ಔಷಧಿ ಹನಿಹನಿಯಾಗಿ ಹೋಗುತ್ತಿದೆ. ಅದರಿಂದ ಕಣ್ಣಿಗೆ ಏನೇನೋ ಕಾಣುತ್ತದಂತೆ. ‘ಅಮ್ಮಾ, ಗೋಡೆ ಹಸಿರು ಆಗಿ ಅಲ್ಲಾಡ್ತಿದೆ, ಅಜ್ಜಿ ಒಡೀತಿದ್ದಾಳಾ?’ ಅಂತ ಕೇಳಿದಳು.

ಹಳೇ ಸೀಲಿಂಗಿನ ಧೂಳಿನಲ್ಲಿ ಆ ಬೂಷ್ಟಿನ ಬೀಜ ಲಕ್ಷಗಟ್ಟಲೆ ಇರುತ್ತವಂತೆ. ನಾನು ಹೋಗಿ ಆ ಪರದೆ ನೋಡಿ ಬಂದೆ. ಮೇಲೆ, ಪಕ್ಕ ಎಲ್ಲ ಟೇಪು ಹಚ್ಚಿದೆ. ಬುಡದಲ್ಲಿ ಮಾತ್ರ ಒಂದು ಗೇಣು ತೆರೆದು ಬಿಟ್ಟಿದ್ದಾರೆ. ಮರೆತು ಬಿಟ್ಟದ್ದಲ್ಲ, ಉದ್ದಕ್ಕೂ ಸರಿಯಾಗಿ ಒಂದೇ ಅಳತೆ. ಒಳಗಿಂದ ಫ್ಯಾನು ಧೂಳನ್ನು ಆ ಸಂದಿಯಿಂದ ಪಡಸಾಲೆಗೆ ತಳ್ಳುತ್ತಿತ್ತು. ಅವಳ ಟ್ರಾಲಿಯ ಗಾಲಿಗಳ ಎತ್ತರಕ್ಕೆ.

ದೂರು ಕೊಟ್ಟಿದ್ದೇನೆ. ಕೆಲಸ ನಿಲ್ಲಿಸಿದ್ದಾರೆ. ಹದಿನೆಂಟಕ್ಕೆ ಸಭೆ. ಅಮ್ಮ, ನಿನಗೆ ಈ ಕೆಲಸ ಗೊತ್ತು. ನೀನು ಬಂದು ಅವರ ಮುಖಕ್ಕೆ ಕೇಳು, ಎಂಥ ದರಿದ್ರದವನು ಇಂಥ ಸಂದಿ ಬಿಡುತ್ತಾನೆ ಅಂತ. ನನಗೆ ಕೇಳಲು ಬರುತ್ತಿಲ್ಲ, ಅಳು ಬರುತ್ತದೆ.

ನಿನ್ನ ಮಗಳು

*

ಮಾರ್ಚ್ ೯

ಕಡ್ಡಿ,

ಫೋನ್ ಮಾಡಿ ಜಾರಿಕೊಳ್ಳಬೇಡ, ಬರೆದು ಉತ್ತರ ಕೊಡು. ನನ್ನ ಮೊಮ್ಮಗಳ ಎದೆಯೊಳಗೆ ಬೂಷ್ಟು ಕೂತಿದೆ. ಏಳು ವರ್ಷದ ಮಗು, ತೂಕ ಹದಿನೇಳು ಕಿಲೋ. ರಕ್ತವಿಲ್ಲದ ಮಕ್ಕಳು ಮಲಗುವ ಮಹಡಿಯಲ್ಲಿ ಬುಡದ ಗೇಣು ಬಿಟ್ಟು ಫ್ಯಾನು ಹಾಕಿದೆಯಲ್ಲೋ, ತಲೆಯಲ್ಲಿ ಇರುವುದು ಮಿದುಳಾ, ಸುಣ್ಣದ ಗಾರೆಯಾ? ಅದು ಮನೆ ಒಡೆಯುವಾಗಿನ ಪದ್ಧತಿ. ಆಸ್ಪತ್ರೆಗೂ ಮನೆಗೂ ವ್ಯತ್ಯಾಸ ಗೊತ್ತಾಗಬಾರದಾ? ಹೊಟ್ಟೆ ಬೆಳೆಸಿದ ಹಾಗೆ ಬುದ್ಧಿಯನ್ನೂ ಬೆಳೆಸಬೇಕಿತ್ತು. ನನ್ನ ಹೆಸರು ಹೇಳಿಕೊಂಡು ಕೆಲಸ ಹಿಡಿಯುವುದನ್ನು ಇವತ್ತೇ ನಿಲ್ಲಿಸು.

ಒಂದು ಕಾಲದಲ್ಲಿ ನಿನಗೆ ಅನ್ನ ಹಾಕಿದವಳು

*

ಮಾರ್ಚ್ ೧೨

ಅಕ್ಕಾ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮಗುವಿನ ಕಡೆಯವರು ನೀವು ಅಂತ ಮೊದಲ ದಿನವೇ ಗೊತ್ತಿತ್ತು. ಅದಕ್ಕೇ ಕೆಲಸವನ್ನು ನೀವು ಕಲಿಸಿದ ಹಾಗೇ ಮಾಡಬೇಕು ಅಂತ ಹುಡುಗರಿಗೆ ಹೇಳಿದ್ದೆ.

ಮನೆಗೆ ಮಾತ್ರ ಅಂತ ನೀವು ಯಾವತ್ತೂ ಹೇಳಿರಲಿಲ್ಲ. ಭಾವ ತೀರಿಕೊಂಡು ಹದಿನೈದನೇ ದಿನ ಹಳೇ ಗೋದಾಮಿನ ಕೆಲಸ ಶುರು ಮಾಡಿದಿರಿ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ‘ಇವರ ಎದೆಗೂಡಿನಲ್ಲಿ ಮೂರು ಪುಟ್ಟಿ ಧೂಳಿತ್ತು ಅಂದರು ಡಾಕ್ಟರು. ಇನ್ನು ನನ್ನ ಆಳು ಒಬ್ಬನೂ ಧೂಳು ತಿಂದು ಸಾಯಬಾರದು. ಎಲ್ಲೇ ಹೋಗಲಿ, ಬುಡದಲ್ಲಿ ಒಂದು ಗೇಣು, ಒಳಗೊಂದು ಫ್ಯಾನು’ ಅಂದಿರಿ. ಹೊರಗೆ ಓಡಾಡುವವರ ಗತಿ ಏನಕ್ಕಾ ಅಂತ ನಾನೇ ಕೇಳಿದ್ದೆ. ‘ಅವರು ಎರಡು ಸಲ ಕೆಮ್ಮಿ ಮನೆಗೆ ಹೋಗುತ್ತಾರೆ, ನೀನು ಇಡೀ ದಿನ ತಿನ್ನುತ್ತೀ, ಬಾಯಿ ಮುಚ್ಚಿಕೊಂಡು ಗೇಣು ಅಳಿ’ ಅಂದಿರಿ. ಅವತ್ತಿನಿಂದ ಅಳೆಯುತ್ತಿದ್ದೇನೆ. ಆ ಹದಿನಾರು ಜನರಲ್ಲಿ ಹದಿನಾಲ್ಕು ಜನ ಇನ್ನೂ ಬದುಕಿದ್ದೇವೆ.

ಆಸ್ಪತ್ರೆಯವರು ‘ಪರದೆ ಕಟ್ಟಿ’ ಅಂತ ಮಾತ್ರ ಹೇಳಿದ್ದರು. ಒಳಗೆ ಎಂಥ ಮಕ್ಕಳಿದ್ದಾರೆ ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸಭೆಯಲ್ಲಿ ನಿಮ್ಮ ವಿಷಯ ಎತ್ತುವುದಿಲ್ಲ. ತಪ್ಪು ನನ್ನದೇ ಅಂತ ಹೇಳುತ್ತೇನೆ. ಮಗು ಉಳಿಯಲಿ.

ಕಡ್ಡಿ

*

ಮಾರ್ಚ್ ೧೪

ಮಗಳಿಗೆ,

ಎಂಥ ದರಿದ್ರದವನು ಅಂತ ಕೇಳಿದೆಯಲ್ಲ, ದರಿದ್ರದವಳು. ನಾನು.

ಆ ಗೇಣು ನನ್ನದು. ನಿಮ್ಮಪ್ಪ ಹೋದ ಮೇಲೆ ನಾನು ಮಾಡಿದ ಕಟ್ಟಳೆ. ಕಡ್ಡಿ ಕಲಿತದ್ದನ್ನು ಕಲಿತ ಹಾಗೇ ಮಾಡಿದ್ದಾನೆ, ನಾಯಿಯಂಥ ನಿಯತ್ತು ಅವನದು. ನಿನ್ನ ಕಾಗದ ಓದಿದ ಕೂಡಲೇ ನನಗೆ ಗೊತ್ತಾಗಿತ್ತು. ಆದರೂ ಅವನಿಗೇ ಬೈದು ಬರೆದೆ. ಒಡೆಯುವವಳಿಗೆ ಒಂದು ಚಾಳಿ ಇರುತ್ತದೆ, ಗೋಡೆ ಯಾವ ಕಡೆ ಬೀಳುತ್ತದೆ ಅಂತ ನೋಡಿ ಇನ್ನೊಂದು ಕಡೆ ನಿಲ್ಲುವುದು. ಐದು ದಿನ ಹಾಗೆ ನಿಂತೆ. ಈಗ ನನ್ನ ಮುಖಕ್ಕೆ ನಾನೇ ಉಗಿದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಬೂಷ್ಟು ಎಲ್ಲಿಂದ ಬಂತು ಅಂತ ಖಚಿತವಾಗಿ ಹೇಳಲಾಗದು, ಮೊದಲೇ ಅವಳೊಳಗೆ ಇದ್ದಿರಲೂಬಹುದು ಅಂತ ಡಾಕ್ಟರು ಹೇಳಿದರು, ಹೀಗಂತ ನಿನ್ನ ಗಂಡ ನಿನ್ನೆ ಫೋನ್ ಮಾಡಿ ಹೇಳಿದ. ಗೊತ್ತಿಲ್ಲ ಅನ್ನುವುದನ್ನು ಕಲಿಯಲು ಇಪ್ಪತ್ತು ವರ್ಷ ಓದುತ್ತಾರೆ ಅಂತ ಬೇರೆ ದಿನವಾಗಿದ್ದರೆ ಅನ್ನುತ್ತಿದ್ದೆ. ಇವತ್ತು ಆ ಮಾತು ಬದಿಗಿರಲಿ. ಆ ‘ಇದ್ದಿರಲೂಬಹುದು’ ಹಿಂದೆ ಅಡಗಿಕೊಳ್ಳಲು ನನಗೆ ಅಸಹ್ಯ.

ಸಭೆಗೆ ಬರುತ್ತೇನೆ. ನೀನು ಕರೆದದ್ದಕ್ಕಲ್ಲ. ನೀನು ನನ್ನ ಪಕ್ಕ ಕೂರುವುದು ಬೇಡ.

ಅಮ್ಮ

*

ಮಾರ್ಚ್ ೧೬

ಬಿಳಿ ಕಣಗಳು ಬಂದಿವೆ. ನಿನ್ನೆ ಇನ್ನೂರು, ಇವತ್ತು ನಾನೂರು. ಮಚ್ಚೆ ದೊಡ್ಡದಾಗಿದೆ. ಕಣಗಳು ಬಂದು ಜಗಳ ಶುರು ಮಾಡಿದಾಗ ಹಾಗೇ ಕಾಣುತ್ತದಂತೆ, ಹೆದರಬಾರದಂತೆ. ಏಪ್ರಿಲ್ ಎಂಟಕ್ಕೆ ಮತ್ತೆ ಸ್ಕ್ಯಾನ್. ಅಷ್ಟರಲ್ಲಿ ಕುಗ್ಗದಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಬೇಕು. ಈ ಮೈಗೆ ಅದನ್ನು ತಾಳುವ ಶಕ್ತಿ ಇದೆಯಾ ಅಂತ ಕೇಳಿದರೆ ಡಾಕ್ಟರು ಕಿಟಕಿ ಕಡೆ ನೋಡುತ್ತಾರೆ.

ನಿನ್ನ ಕಾಗದ ಸಿಕ್ಕಿತು. ಸದ್ಯಕ್ಕೆ ನನಗೆ ಬರೆಯಬೇಡ ಅನ್ನಲಾರೆ. ಉತ್ತರ ಬರೆಯುತ್ತೇನೆ ಅಂತಲೂ ಹೇಳಲಾರೆ.

ಮಗುವಿನ ತಾಯಿ

*

ಮಾರ್ಚ್ ೧೯

ಮಗಳಿಗೆ,

ಸಭೆಯಲ್ಲಿ ನೀನು ನೋಡಿದ್ದು ಅರ್ಧ. ನನ್ನ ಮಾತು ಮುಗಿದ ಕೂಡಲೇ ನೀನು ಎದ್ದು ಹೋದೆ. ಉಳಿದದ್ದನ್ನು ಕೇಳು.

ಗೇಣು ನನ್ನ ಕಟ್ಟಳೆ, ಮೇಸ್ತ್ರಿಯನ್ನು ಕೆಲಸದಿಂದ ತೆಗೆಯಬೇಡಿ ಅಂದೆನಲ್ಲ. ಎಲ್ಲರ ಮುಖದಲ್ಲೂ ಎಂಥ ಕಳೆ ಬಂತು ಅಂತೀ. ಟೈ ಕಟ್ಟಿದ ಅಧಿಕಾರಿ ಕುರ್ಚಿಗೆ ಒರಗಿ, ‘ಹಾಗಾದರೆ ಇದು ಕೆಲಸದವರ ಹಳೇ ಪದ್ಧತಿಯಿಂದ ಆದದ್ದು’ ಅಂತ ಬರೆದುಕೊಳ್ಳಲು ಹೇಳಿದ. ಕಂಟ್ರಾಕ್ಟರು ನೀರು ಕುಡಿದ. ನಾನು ಒಂದು ತಪ್ಪು ಒಪ್ಪಿಕೊಂಡೆ, ಅಲ್ಲಿದ್ದ ಎಲ್ಲರ ತಪ್ಪೂ ಸಕ್ಕರೆಯ ಹಾಗೆ ಕರಗಿಹೋಯಿತು. ಮುದುಕಿಯ ಹೆಗಲು ಇಷ್ಟು ಅಗಲ ಇದೆ ಅಂತ ಅವರಿಗೆ ಮೊದಲೇ ಗೊತ್ತಿದ್ದರೆ ಕಟ್ಟಡವನ್ನೇ ಹೊರಿಸುತ್ತಿದ್ದರು.

ನಾನು ಏಳಲಿಲ್ಲ. ‘ಸ್ವಾಮಿ, ನನ್ನದು ಬರೆದುಕೊಂಡಿರಾ? ಈಗ ನಿಮ್ಮದು ಬರೆದುಕೊಳ್ಳಿ’ ಅಂದೆ. ‘ಈ ಮಹಡಿಯಲ್ಲಿ ಎಂಥ ಮಕ್ಕಳಿದ್ದಾರೆ ಅಂತ ಕೆಲಸದವರಿಗೆ ಹೇಳದೆ ಇದ್ದವರು ಯಾರು? ಒಡೆಯುವ ಜಾಗದ ಪಕ್ಕ ಮಗುವಿನ ಟ್ರಾಲಿ ಹೋಗುವಾಗ ಅರ್ಧ ಗಂಟೆ ಸುತ್ತಿಗೆ ನಿಲ್ಲಿಸಿ ಅನ್ನಲು ಯಾರ ಬಾಯಿಗೆ ಬೀಗ ಬಿದ್ದಿತ್ತು? ನನ್ನ ಹೂಕುಂಡಕ್ಕೆ ಚೀಟಿ ಬರೆಯಲು ನಿಮ್ಮಲ್ಲಿ ಆಳಿತ್ತು. ಲಾರಿಗಟ್ಟಲೆ ಹಳೇ ಸೀಲಿಂಗಿಗೆ ಒಂದು ಚೀಟಿ ಇರಲಿಲ್ಲ.’ ಅಧಿಕಾರಿ ಗಡಿಯಾರ ನೋಡಿದ. ಗಡ್ಡದ ಡಾಕ್ಟರು ಮಾತ್ರ, ‘ಬರೆದುಕೊಳ್ಳಿ, ಆಕೆ ಹೇಳುವುದು ಸರಿ’ ಅಂದರು. ಅವರನ್ನು ಇನ್ನು ಮುಂದೆ ಸ್ವಲ್ಪ ಕಡಿಮೆ ಬೈಯುತ್ತೇನೆ.

ಕೆಲಸವನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ, ತೆರೆದ ಸೀಲಿಂಗು ಇನ್ನೂ ಕೆಟ್ಟದ್ದು. ಕಡ್ಡಿಯ ಜೊತೆ ನಾನೂ ನಿಲ್ಲುತ್ತೇನೆ ಅಂದೆ, ಒಪ್ಪಿದರು. ಪರದೆಯ ಒಳಗೆ. ನಿಮ್ಮ ವಾರ್ಡಿನ ಕಡೆ ಕಾಲಿಡುವುದಿಲ್ಲ, ನೀಲಿ ಅಂಗಿಯವಳಿಗೆ ಮಾತು ಕೊಟ್ಟಿದ್ದೇನೆ. ಇವತ್ತು ಬುಡಕ್ಕೆ ಮರದ ಪಟ್ಟಿ ಇಟ್ಟು ಎರಡು ಪದರ ಟೇಪು ಹಾಕಿಸಿದೆ. ಫ್ಯಾನಿನ ಬಾಯಿಗೆ ದಪ್ಪ ಕೊಳವೆ ಕಟ್ಟಿ ಕಿಟಕಿಯಿಂದ ಹೊರಕ್ಕೆ, ನಿಮ್ಮ ಕಿಟಕಿಗಳಿಲ್ಲದ ಹಿಂದಿನ ಗೋಡೆಯ ಕಡೆ ಬಿಟ್ಟೆವು. ಒಡೆಯುವ ಮುಂಚೆ ನೀರು ಚಿಮುಕಿಸುವುದು, ಚೂರುಗಳನ್ನು ಬಾಯಿ ಕಟ್ಟಿದ ಚೀಲದಲ್ಲಿ ಹೊರುವುದು. ಆಳುಗಳ ಎದೆಯೂ ಉಳಿಯುತ್ತದೆ, ಮಕ್ಕಳದೂ ಉಳಿಯುತ್ತದೆ. ಒಂದು ಕೊಳವೆ ಸಾಕಿತ್ತು. ಇಷ್ಟು ವರ್ಷ ನನಗೆ ಅದು ಯಾಕೆ ಹೊಳೆಯಲಿಲ್ಲ ಅಂತ ಆಮೇಲೆ ಯೋಚಿಸಿದೆ. ಪರದೆಯ ಹೊರಗೆ ನನ್ನವರು ಯಾರೂ ಇರಲಿಲ್ಲ, ಅಷ್ಟೇ.

ಅಮ್ಮ

*

ಏಪ್ರಿಲ್ ೮

ಮಗಳಿಗೆ,

ಮೂರು ವಾರದಿಂದ ನೀನು ಬರೆದಿಲ್ಲ. ಬರೆ ಅಂತ ಕೇಳುವ ಮುಖ ನನಗಿಲ್ಲ. ಇವತ್ತು ಸ್ಕ್ಯಾನ್ ಅಂತ ನೆನಪಿತ್ತು. ಎಂಟೂವರೆಗೇ ಸುತ್ತಿಗೆ ನಿಲ್ಲಿಸಿದೆ. ಪಡಸಾಲೆಯನ್ನು ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದರು. ಒಬ್ಬ ಆಳು, ‘ಅಜ್ಜೀ, ಇಲ್ಲಿ ಬಡಿಸಿಕೊಂಡು ಉಣ್ಣಬಹುದು’ ಅಂದ. ‘ಉಣ್ಣುವುದೊಂದೇ ನಿನಗೆ ಗೊತ್ತಿರುವುದು, ಆ ಮೂಲೆ ಒರೆಸು’ ಅಂದೆ.

ಹತ್ತೂಕಾಲಿಗೆ ಗಾಲಿಗಳ ಸದ್ದು ಬಂತು. ಕಡ್ಡಿ, ನಾನು, ನಾಲ್ಕು ಜನ ಆಳುಗಳು ಒಳಗೆ ಗೋಡೆಗೆ ಬೆನ್ನು ಕೊಟ್ಟು ನಿಂತೆವು. ಕೆಮ್ಮು ಬಂತು. ಬರುತ್ತದೆ ಅಂತ ಗೊತ್ತಿತ್ತು. ಟವೆಲನ್ನು ಬಾಯಿಗೆ ತುರುಕಿಕೊಂಡೆ, ಕಣ್ಣಲ್ಲಿ ನೀರು ಬಂದು ಏನೂ ಕಾಣಲಿಲ್ಲ. ಮೆಣಸಿನಕಾಳು ಏನೋ ಕೇಳುತ್ತಿದ್ದಳು. ಮಾಸ್ಕಿನೊಳಗಿನ ಮಾತು, ಅರ್ಥವಾಗಲಿಲ್ಲ. ಸ್ವರ ಸಣ್ಣಗಾಗಿದೆ. ಆದರೆ ಜಗಳದ ಸ್ವರವೇ, ಬದಲಾಗಿಲ್ಲ. ಅವಳಪ್ಪ ಅವಳಿಗೆ ಸಮಾಧಾನ ಹೇಳುತ್ತಿದ್ದ. ಟ್ರಾಲಿಯನ್ನು ಅವನೇ ತಳ್ಳುತ್ತಿದ್ದ ಅಂತ ಕಾಣುತ್ತದೆ. ನೇರವಾಗಿಯೇ ತಳ್ಳಿದ.

ಟ್ರಾಲಿ ಮುಂದೆ ಹೋಯಿತು. ನೀನು ನಿಂತೆ. ಪ್ಲಾಸ್ಟಿಕ್ಕಿನ ಆಚೆ ನಿನ್ನ ನೆರಳು ಕಂಡಿತು. ಮಾತಾಡುತ್ತೀಯೇನೋ ಅಂದುಕೊಂಡೆ. ನೀನು ಬಗ್ಗಲೂ ಇಲ್ಲ. ಕಾಲಿನ ತುದಿಯಿಂದ ಪರದೆಯ ಬುಡವನ್ನು ಒತ್ತಿದೆ. ಎಡಗಡೆಯಿಂದ ಶುರು ಮಾಡಿ, ಒಂದೊಂದು ಹೆಜ್ಜೆಗೂ ಒಂದು ಸಲ. ಪಟ್ಟಿ ಅಲ್ಲಾಡಲಿಲ್ಲ. ಆಮೇಲೆ ಹೋದೆ.

ಕಡ್ಡಿಯ ಮುಖ ಸಪ್ಪಗಾಯಿತು. ‘ಅಕ್ಕಾ, ನಿಮ್ಮ ಮಗಳಿಗೂ ನಂಬಿಕೆ ಇಲ್ಲವಾ’ ಅಂದ. ‘ನಂಬುವವಳಾಗಿದ್ದರೆ ಅವಳೂ ನಿನ್ನ ಹಾಗೆ ಮೇಸ್ತ್ರಿ ಆಗುತ್ತಿದ್ದಳು’ ಅಂದೆ.

ನೀನು ಸರಿಯಾಗಿಯೇ ಮಾಡಿದೆ. ಬಲಗಡೆ ಮೂಲೆಯನ್ನು ಮಾತ್ರ ಬಿಟ್ಟೆ, ಅಲ್ಲಿ ಟೇಪು ಎಲ್ಲಕ್ಕಿಂತ ಬೇಗ ಏಳುತ್ತದೆ. ಅದನ್ನೂ ನೋಡಬೇಕು.

ಸ್ಕ್ಯಾನಿನಲ್ಲಿ ಏನು ಬಂತು ಅಂತ ಕಾಯುತ್ತಿದ್ದೇನೆ. ಬರೆಯಲು ಆಗದಿದ್ದರೆ ನರ್ಸಿನ ಕೈಲಿ ಹೇಳಿ ಕಳಿಸು. ಯಾವುದಾದರೂ ಸರಿ, ನಿಜ ಹೇಳಿ ಕಳಿಸು.

ಅಮ್ಮ

*

ಏಪ್ರಿಲ್ ೧೦

ಅಮ್ಮ,

ಮಚ್ಚೆ ಅರ್ಧಕ್ಕಿಂತ ಚಿಕ್ಕದಾಗಿದೆ. ಸದ್ಯಕ್ಕೆ ಆಪರೇಷನ್ ಬೇಡ ಅಂದರು. ಔಷಧಿ ಇನ್ನೂ ಹಲವು ತಿಂಗಳು ಬೇಕು. ಗೆದ್ದೆವು ಅಂತ ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ನಿನ್ನೆ ಅರ್ಧ ಬಟ್ಟಲು ಸೂಪು ಕುಡಿದು, ಉಳಿದದ್ದು ಬೇಡ ಅಂತ ಅವಳಪ್ಪನ ಕೈಮೇಲೆ ಹೊಡೆದಳು.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿದಾಗ ಬರೆಯೋಣ ಅಂದುಕೊಂಡಿದ್ದೆ, ಅದಕ್ಕೇ ಇಷ್ಟು ದಿನವಾಯಿತು. ಇಳಿಯುವ ಹಾಗೆ ಕಾಣುತ್ತಿಲ್ಲ. ಸಿಟ್ಟು ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಮುಂದಿನ ಸ್ಕ್ಯಾನ್ ಮೇ ಆರಕ್ಕೆ, ಬೆಳಿಗ್ಗೆ ಹತ್ತಕ್ಕೆ. ಅಲ್ಲಿಯವರೆಗೂ ನಿಮ್ಮ ಕೆಲಸ ನಡೆಯುತ್ತದೆ ಅಂತ ಕಡ್ಡಿ ಹೇಳಿದ. ಅವತ್ತು ಪರದೆಯ ಹಿಂದೆ ನೀನೇ ನಿಂತಿರು, ಬೇರೆಯವರಿಗೆ ಬಿಡಬೇಡ. ಬಲಗಡೆ ಮೂಲೆಯನ್ನೂ ಒತ್ತಿ ನೋಡುತ್ತೇನೆ.

ನಿನ್ನ ಮಗಳು